ಸಂಕದಡಿಯ ದಾರಿ

(ಊರಿನ ಗ್ರಂಥಾಲಯದ ತಿಂಗಳ ಕೂಟದಲ್ಲಿ ಆಡಿದ ಮಾತು. ಮೊಬೈಲಿನಲ್ಲಿ ಹಿಡಿದದ್ದನ್ನು ಕೇಳಿ ಬರೆದುಕೊಟ್ಟ ಹುಡುಗಿಗೆ ನನ್ನ ಕಾಸರಗೋಡು ಕನ್ನಡವನ್ನು ತಿದ್ದಬೇಡ ಎಂದಿದ್ದೆ. ಅವಳು ಅರ್ಧ ತಿದ್ದಿದ್ದಾಳೆ.)

ಹಿರಿಯರೇ, ಅಕ್ಕಂದಿರೇ, ಮುಂದಿನ ಬೆಂಚಿನಲ್ಲಿ ಕೂತ ಮಕ್ಕಳೇ,

ಮೊದಲು ಒಂದು ತಿದ್ದುಪಡಿ. ಪರಿಚಯ ಮಾಡಿಕೊಟ್ಟ ಮಾಸ್ಟ್ರು ನನ್ನನ್ನು ಹಡಗಿನ ಕಪ್ತಾನರು ಎಂದರು. ಆ ಯೋಗ ನನಗಿರಲಿಲ್ಲ. ನಾನು 28 ವರ್ಷ ಹಡಗಿನಲ್ಲಿ ಮಾಡಿದ್ದು ಕರೆಂಟಿನ ಕೆಲಸ. ಕಾಗದದಲ್ಲಿ ಎಲೆಕ್ಟ್ರಿಕಲ್ ಆಫೀಸರ್, ಹಡಗಿನಲ್ಲಿ ನಮ್ಮವರೆಲ್ಲ ಕರೆಯುವುದು ‘ಬತ್ತಿ ಸಾಬ್’. ಬತ್ತಿ ಉರಿಯುವಷ್ಟು ದಿನ ಬತ್ತಿ ಸಾಬ್ ಎಲ್ಲಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಆರಿತೋ, ಕಪ್ತಾನನಿಂದ ಹಿಡಿದು ಅಡುಗೆಯ ಭಂಡಾರಿಯವರೆಗೆ ಎಲ್ಲರಿಗೂ ಅವನೇ ಬೇಕು.

ಹಡಗು ಗುದ್ದಿ ಸೇತುವೆ ಬೀಳುವ ಸಂಗತಿ ಹೇಳಿ ಎಂದದ್ದು ಇಲ್ಲಿನ ಹುಡುಗರು. ಅಮೆರಿಕದ ಬಾಲ್ಟಿಮೋರಿನ ವಿಡಿಯೋ ನಿಮ್ಮೆಲ್ಲರ ಮೊಬೈಲಿಗೂ ಬಂದಿರಬೇಕು. ಕತ್ತಲೆಯಲ್ಲಿ ದೀಪ ಹೊತ್ತ ಒಂದು ಹಡಗು. ದೀಪ ಆರುತ್ತದೆ, ಹೊತ್ತುತ್ತದೆ, ಮತ್ತೆ ಆರುತ್ತದೆ. ಆಮೇಲೆ ಅಷ್ಟುದ್ದದ ಉಕ್ಕಿನ ಸೇತುವೆ ಹಿಡಿಕಡ್ಡಿಯಲ್ಲಿ ಕಟ್ಟಿದ ಗೂಡಿನ ಹಾಗೆ ಮಡಚಿಕೊಂಡು ನೀರಿಗೆ. ನೋಡಿದವರೆಲ್ಲ ಸೇತುವೆಯನ್ನು ನೋಡಿದರು. ನಾನು ಇವತ್ತಿಗೂ ಆ ವಿಡಿಯೋ ಹಾಕಿದರೆ ನೋಡುವುದು ದೀಪವನ್ನೇ.

ಅಮೆರಿಕಕ್ಕೆ ಹೋಗುವ ಮೊದಲು ನಮ್ಮ ಚಂದ್ರಗಿರಿ ಸಂಕಕ್ಕೆ ಬನ್ನಿ. ಕಾಸರಗೋಡಿನಿಂದ ಕಾಞಂಗಾಡಿಗೆ ಹೋಗುವ ಬಸ್ಸಿನಲ್ಲಿ ಅದನ್ನು ದಾಟಿದವರು ಎಷ್ಟು ಜನ? ಎಲ್ಲರೂ. ಅದರ ಅಡಿಯಿಂದ ಹೋದವರು ಎಷ್ಟು ಜನ? ಮೂರು ಕೈ ಮೇಲೆ ಬಂತು, ಮೂರೂ ದೋಣಿಯವರದ್ದು. ಇದೇ ವಿಷಯ ನೋಡಿ. ಸಂಕ ಅಂದರೆ ಎರಡು ದಾರಿಗಳು ಒಂದನ್ನೊಂದು ದಾಟುವ ಜಾಗ. ಮೇಲಿನ ದಾರಿ ನಾವು ಮಾಡಿಕೊಂಡದ್ದು, ಅಡಿಯದ್ದು ಮೊದಲೇ ಇದ್ದದ್ದು. ಆಚೆ ದಡದಲ್ಲಿ ಶಿವಪ್ಪ ನಾಯಕ ಕೋಟೆ ಕಟ್ಟಿಸಿದ್ದು ಯಾವುದನ್ನು ಕಾಯಲಿಕ್ಕೆ? ಹೊಳೆಯನ್ನು, ಹೊಳೆಬಾಯಿಯನ್ನು. ಆಗ ಅದೇ ಹೆದ್ದಾರಿ. ರೈಲು ಹಳಿಯನ್ನು ರಸ್ತೆ ದಾಟುವಲ್ಲಿ ಗೇಟು ಇರುತ್ತದೆ, ಗೇಟು ಹಾಕುವವನು ಇರುತ್ತಾನೆ, ಅವನಿಗೆ ಸ್ಟೇಷನ್ನಿನಿಂದ ಫೋನು ಬರುತ್ತದೆ. ಹೊಳೆಯನ್ನು ರಸ್ತೆ ದಾಟುವಲ್ಲಿ ಏನೂ ಇಲ್ಲ. ಅಡಿಯಲ್ಲಿ ಏನು ಬರುತ್ತಿದೆ ಎಂದು ಮೇಲಿನವನಿಗೆ ಗೊತ್ತಿಲ್ಲ. ಮೇಲಿನವನನ್ನು ಕರೆಯಲು ಅಡಿಯವನಿಗೆ ದಾರಿಯಿಲ್ಲ.

ಸಂಕಕ್ಕೆ ಮೊದಲು ಕಡವು ಇತ್ತಲ್ಲ, ಆಗ ಹೀಗಿರಲಿಲ್ಲ. ದೋಣಿ ಆಚೆ ದಡದಲ್ಲಿದ್ದರೆ ಈಚೆಯಿಂದ ಕೂಗಿ ಕರೆಯಬೇಕು, ಕೂಕುಳು ಹಾಕಬೇಕು. ಕೂಕುಳು ಕೇಳಿದರೇ ಅಂಬಿಗನಿಗೆ ತಿಳಿಯುತ್ತಿತ್ತು ಎಂದು ನನ್ನ ಅಜ್ಜಿ ಹೇಳುತ್ತಿದ್ದರು: ಇದು ಸಂತೆಗೆ ಹೊರಟವರದ್ದು, ಇದು ಹೆರಿಗೆ ನೋವಿನ ಮನೆಯದ್ದು. ಮಕ್ಕಳೇ, ಈ ಕೂಕುಳು ಎಂಬ ಶಬ್ದವನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ.

ಈಗ ಆ ದೀಪಕ್ಕೆ ಬರುತ್ತೇನೆ. 2024ರ ಮಾರ್ಚ್ 26, ಅಲ್ಲಿನ ರಾತ್ರಿ 1 ಗಂಟೆ 25 ನಿಮಿಷ. ‘ಡಾಲಿ’ ಎಂಬ ಸಿಂಗಾಪುರ ಬಾವುಟದ ಕಂಟೈನರ್ ಹಡಗು, ಸುಮಾರು 300 ಮೀಟರ್ ಉದ್ದ, ಬಾಲ್ಟಿಮೋರ್ ಬಂದರಿನಿಂದ ಹೊರಟಿದೆ. ಹೋಗಬೇಕಾದ್ದು ಎಲ್ಲಿಗೆ? ನಮ್ಮ ಪಕ್ಕದ ಕೊಲಂಬೋಗೆ. ಹಡಗಿನಲ್ಲಿ ಇದ್ದವರಲ್ಲಿ ಒಬ್ಬ ಶ್ರೀಲಂಕಾದವನನ್ನು ಬಿಟ್ಟರೆ ಉಳಿದ ಸಿಬ್ಬಂದಿ ಎಲ್ಲ ಭಾರತದವರು, ಜೊತೆಗೆ ಬಂದರಿನ ನೀರಿನಲ್ಲಿ ದಾರಿ ತೋರಿಸಲು ಹಡಗು ಹತ್ತುವ ಅಲ್ಲಿನ ಇಬ್ಬರು ಪೈಲಟ್‌ಗಳು. ಮುಂದೆ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ, ಇನ್ನು ಮೂರು ಹಡಗಿನುದ್ದದಷ್ಟು ದೂರ. ಅಷ್ಟು ಹೊತ್ತಿಗೆ ಕರೆಂಟು ಹೋಯಿತು.

ಮನೆಯಲ್ಲಿ ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಬೈದುಕೊಂಡು ಜಗಲಿಗೆ ಬರುತ್ತೇವೆ. ಹಡಗಿನಲ್ಲಿ ಹಾಗಲ್ಲ. ಚುಕ್ಕಾಣಿಯನ್ನು ತಿರುಗಿಸುವುದು ಎಣ್ಣೆಯ ಒತ್ತಡ, ಆ ಎಣ್ಣೆಯನ್ನು ತಳ್ಳುವುದು ಕರೆಂಟಿನ ಪಂಪು. ದೊಡ್ಡ ಇಂಜಿನ್ನು ಎಣ್ಣೆ ಕುಡಿದೇ ಓಡುವುದು ನಿಜ, ಆದರೆ ಅದನ್ನು ತಂಪಾಗಿಡುವ ನೀರಿನ ಪಂಪು ಮತ್ತೆ ಕರೆಂಟಿನದ್ದು. ನೀರಿನ ಒತ್ತಡ ಇಳಿದದ್ದು ಗೊತ್ತಾದ ಕೂಡಲೇ ಇಂಜಿನ್ನು ತಾನು ಸುಟ್ಟುಹೋಗಬಾರದೆಂದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಇಂಜಿನ್ನು ಬದುಕುತ್ತದೆ, ಹಡಗು ಅನಾಥ. ಡಾಲಿಯಲ್ಲಿ ಆದದ್ದು ಇದೇ. ಒಳಗಿದ್ದ ಹುಡುಗರು ಒಂದು ನಿಮಿಷದ ಒಳಗೆ ಕೈಯಿಂದಲೇ ಬ್ರೇಕರ್ ಹಾಕಿ ಕರೆಂಟು ತಂದರು. ಆ ಕತ್ತಲೆಯಲ್ಲಿ, ಆ ಬೊಬ್ಬೆಯಲ್ಲಿ, ಅದು ಸಣ್ಣ ಕೆಲಸ ಅಲ್ಲ ಮಾರಾಯ್ರೆ. ಆದರೆ ಎರಡನೇ ಸಲ ಹೋಯಿತು. ಜನರೇಟರಿಗೆ ಡೀಸೆಲ್ ಕೊಡುತ್ತಿದ್ದದ್ದು ಅದಕ್ಕೆಂದೇ ಇಟ್ಟ ಪಂಪು ಅಲ್ಲ, ಪೈಪು ತೊಳೆಯುವ ಪಂಪು. ಕರೆಂಟು ಹೋಗಿ ಬಂದಾಗ ತಾನಾಗಿ ಹೊರಡುವ ಏರ್ಪಾಡು ಅದಕ್ಕಿರಲಿಲ್ಲ. ಜನರೇಟರು ಇದ್ದ ಡೀಸೆಲ್ ಮುಗಿಯುವಷ್ಟು ಹೊತ್ತು ಓಡಿ ನಿಂತಿತು.

ಸರಿ, ಮೊದಲನೇ ಸಲ ಹೋದದ್ದು ಯಾಕೆ? ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ತಿಂಗಳುಗಟ್ಟಲೆ ಹುಡುಕಿ 2025ರ ನವೆಂಬರಿನಲ್ಲಿ ಹೇಳಿತು: ಒಂದು ತಂತಿ. ಸಡಿಲವಾಗಿದ್ದ ಒಂದೇ ಒಂದು ತಂತಿ. ಪ್ಯಾನೆಲಿನಲ್ಲಿ ಸಾವಿರಾರು ತಂತಿ ಇರುತ್ತದಲ್ಲ, ಯಾವುದು ಯಾವುದೆಂದು ತಿಳಿಯಲು ಪ್ರತಿಯೊಂದರ ತುದಿಗೂ ಹೆಸರಿನ ಸಣ್ಣ ಪಟ್ಟಿ ಸುತ್ತುತ್ತೇವೆ. ಆ ಪಟ್ಟಿಯನ್ನು ತುದಿಗೆ ತೀರಾ ಹತ್ತಿರ ಸುತ್ತಿದ್ದರಿಂದ ತಂತಿ ತನ್ನ ತೂತಿನೊಳಗೆ ಪೂರ್ತಿ ಕೂತಿರಲಿಲ್ಲ. ಎಷ್ಟೋ ಸಮಯ ಸುಮ್ಮನೆ ತಾಗಿಕೊಂಡು ಇತ್ತು, ಆ ರಾತ್ರಿ ಬಿಟ್ಟಿತು. ತಂತಿಯ ಹೆಸರು ಗೊತ್ತಾಗಲಿ ಎಂದು ಸುತ್ತಿದ ಪಟ್ಟಿಯೇ ತಂತಿಯನ್ನು ಹೊರಗಿಟ್ಟದ್ದು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಇಂಥ ಎಷ್ಟು ಪಟ್ಟಿಗಳನ್ನು ಈ ಕೈ ಸುತ್ತಿರಬಹುದು!

ನನ್ನ ಕಾಲದ್ದು ಒಂದು ಹೇಳುತ್ತೇನೆ, ಹಡಗಿನ ಹೆಸರು ಬೇಡ. ಒಂದು ನದಿ ಬಂದರಿನಿಂದ ಹೊರಟು ಗಂಟೆ ಆಗಿತ್ತು. ನಾನು ಮಲಗಿದ್ದೆ. ಹಡಗಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅಲ್ಲಿ ಶಬ್ದ ಇದ್ದರೆ ನಿದ್ರೆ, ಶಬ್ದ ನಿಂತರೆ ಎಚ್ಚರ. ಗಾಳಿಯ ಫ್ಯಾನು ನಿಂತದ್ದೇ ಎದ್ದು ಬರಿಗಾಲಲ್ಲಿ ಓಡಿದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಎಮರ್ಜೆನ್ಸಿ ಜನರೇಟರು ಹೊತ್ತಿ ಅಲ್ಲೊಂದು ಇಲ್ಲೊಂದು ದೀಪ ಬಂತು. ಕರೆಂಟು ತರಲು ನಮಗೆ ಹಿಡಿದದ್ದು ಏಳು ನಿಮಿಷ. ಆ ಏಳು ನಿಮಿಷ ಹಡಗು ಹೊಳೆಯ ಸೆಳೆತಕ್ಕೆ ತನ್ನ ಪಾಡಿಗೆ ಅಡ್ಡಡ್ಡ ಹೋಗುತ್ತಿತ್ತು. ಎದುರಿಗೆ ಇದ್ದದ್ದು ಕೆಸರಿನ ದಂಡೆ, ಮೂಗು ಅದರಲ್ಲಿ ಹೂತುಕೊಂಡಿತು, ನೀರು ಏರಿ ಭರತ ಬಂದಾಗ ಟಗ್ ದೋಣಿಗಳು ಎಳೆದು ತೆಗೆದವು. ಕಂಪೆನಿಯವರು ಒಂದು ಕಾಗದದಲ್ಲಿ ಮುಗಿಸಿದರು. ಕೆಸರಿನ ಬದಲು ಅಲ್ಲಿ ಸೇತುವೆಯ ಕಂಬ ಇದ್ದಿದ್ದರೆ ನಾನು ಇವತ್ತು ಇಲ್ಲಿ ನಿಂತು ಇಷ್ಟು ಸಲೀಸಾಗಿ ಮಾತನಾಡುತ್ತಿರಲಿಲ್ಲ.

ಮುಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: “ಹಡಗಿಗೆ ಬ್ರೇಕ್ ಇಲ್ವಾ?”

ಒಳ್ಳೆಯ ಪ್ರಶ್ನೆ. ಇಲ್ಲ. ಇಂಜಿನ್ನು ಇದ್ದರೆ ಪ್ರೊಪೆಲ್ಲರನ್ನು ಹಿಂದಕ್ಕೆ ತಿರುಗಿಸಬಹುದು, ಆಗಲೂ ದೊಡ್ಡ ಹಡಗು ನಿಲ್ಲಬೇಕಾದರೆ ಕಿಲೋಮೀಟರುಗಟ್ಟಲೆ ನೀರು ಬೇಕು. ಹಿಂದಕ್ಕೆ ತಿರುಗಿಸುವ ಹೊತ್ತಿಗೆ ಚುಕ್ಕಾಣಿಯ ಹಿಡಿತವೂ ಕಡಿಮೆ. ಉಳಿದದ್ದು ಲಂಗರು. ಡಾಲಿಯವರು ಎಡಗಡೆಯ ಲಂಗರು ಬಿಟ್ಟರು. ಲಂಗರು ಹಿಡಿಯಬೇಕಾದರೆ ನೆಲ ಕಚ್ಚಬೇಕು, ಸರಪಳಿ ಉದ್ದ ಬಿಡಬೇಕು, ಅದಕ್ಕೂ ಸಮಯ ಬೇಕು. ಇದ್ದದ್ದೇ ನಾಲ್ಕು ನಿಮಿಷ.

ನೀನು ಯಾವ ಕ್ಲಾಸು? ಒಂಬತ್ತು. ಹಾಗಾದರೆ ನಿನಗೆ ಲೆಕ್ಕ ಗೊತ್ತು. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸು. ಹಡಗು, ಸರಕು ಸೇರಿ ಒಂದು ಲಕ್ಷ ಟನ್ನಿಗೂ ಮೇಲೆ. ಕಂಬಕ್ಕೆ ತಾಗುವಾಗ ವೇಗ ಸುಮಾರು ಆರೂವರೆ ನಾಟ್, ಅಂದರೆ ಗಂಟೆಗೆ 12 ಕಿಲೋಮೀಟರ್. ನೀನು ಸೈಕಲಿನಲ್ಲಿ ಅದಕ್ಕಿಂತ ಜೋರಾಗಿ ಹೋಗುತ್ತಿ. ಆದರೂ ಗುಣಿಸಿದರೆ ಸುಮಾರು 56 ಕೋಟಿ ಜೂಲ್ ಬರುತ್ತದೆ. ಅದು ಎಷ್ಟು? ಮಂಗಳೂರಿನಿಂದ ತಿರುವನಂತಪುರಕ್ಕೆ ಹೋಗುವ 22 ಬೋಗಿಯ ರೈಲು, ಇಂಜಿನ್ನು ಸೇರಿ ಸುಮಾರು 1,200 ಟನ್, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಬಂದು ಒಂದು ಕಂಬಕ್ಕೆ ಹೊಡೆದರೆ ಎಷ್ಟೋ ಅಷ್ಟು. ರೈಲಿನದ್ದು ವೇಗದ ಪೆಟ್ಟು, ಹಡಗಿನದ್ದು ತೂಕದ ಪೆಟ್ಟು. ತೂಕದ ಪೆಟ್ಟು ನೋಡಲಿಕ್ಕೆ ಮೆಲ್ಲಗೆ ಇರುತ್ತದೆ, ಅದಕ್ಕೇ ವಿಡಿಯೋದಲ್ಲಿ ಅದು ಮುಟ್ಟಿದ ಹಾಗೆ ಕಾಣುತ್ತದೆಯೇ ಹೊರತು ಗುದ್ದಿದ ಹಾಗೆ ಕಾಣುವುದಿಲ್ಲ.

ಆದರೆ ಒಂದು ಕಂಬಕ್ಕೆ ತಾಗಿದ್ದಕ್ಕೆ ಇಡೀ ಸೇತುವೆ ಯಾಕೆ ಬಿತ್ತು? ಕೀ ಸೇತುವೆ ಉಕ್ಕಿನ ತ್ರಿಕೋನಗಳನ್ನು ಹೆಣೆದು ಮಾಡಿದ್ದು, ಕಂಬದಿಂದ ಕಂಬಕ್ಕೆ ಚಾಚಿದ ಮೂರು ಅಂಕಣಗಳಿಗೂ ಸೇರಿ ಒಂದೇ ಹೆಣಿಗೆ. ನಡುವಿನ ಅಂಕಣವೇ 366 ಮೀಟರ್. ಒಂದು ಭಾಗದ ಭಾರವನ್ನು ಇನ್ನೊಂದು ಭಾಗ ತೂಗಿ ಹಿಡಿದಿರುತ್ತದೆ. ಮನೆಯ ಮಾಡಿಗೆ ಅಡ್ಡ ಹಾಕಿದ ಒಂದೇ ಉದ್ದದ ತೊಲೆಯ ಹಾಗೆ. ನಡುವಿನ ಕಂಬ ಎಳೆದರೆ ತೊಲೆ ಅರ್ಧ ಮಾತ್ರ ನಿಂತುಕೊಳ್ಳುವುದಿಲ್ಲ. ಮೇಲಿನಿಂದ ಬರುವ ಭಾರವನ್ನು ಲೆಕ್ಕ ಹಾಕಿ ಕಟ್ಟಿದವರು ಮೋಸ ಮಾಡಿರಲಿಲ್ಲ. 1977ರಿಂದ ಲಾರಿಗಳನ್ನು ಹೊತ್ತು ನಿಂತಿತ್ತು. ಪೆಟ್ಟು ಬಂದದ್ದು ಅಡಿಯ ದಾರಿಯಿಂದ, ಅಡ್ಡಕ್ಕೆ.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಇದೇ ಸೇತುವೆಗೆ 1980ರಲ್ಲಿ ‘ಬ್ಲೂ ನಗೋಯಾ’ ಎಂಬ ಕಂಟೈನರ್ ಹಡಗು ಗುದ್ದಿತ್ತು. ಆಗ ಕಂಬ ಅಲುಗಲಿಲ್ಲ, ಸ್ವಲ್ಪ ರಿಪೇರಿಯಲ್ಲಿ ಮುಗಿಯಿತು. ಎಲ್ಲರಿಗೂ ಧೈರ್ಯ ಬಂತು. ಆದರೆ ಆ ಹಡಗು ಇದ್ದದ್ದು ಸುಮಾರು 120 ಮೀಟರ್, ಡಾಲಿ ಅದರ ಹತ್ತು ಪಾಲು ದೊಡ್ಡದು. ಸೇತುವೆ 47 ವರ್ಷ ಇದ್ದ ಹಾಗೆಯೇ ಇತ್ತು, ಅಡಿಯಲ್ಲಿ ಹೋಗುವ ಹಡಗು ಬೆಳೆಯುತ್ತಾ ಹೋಯಿತು. ತೊಟ್ಟಿಲ ಮಗುವಿಗೆ ಕಟ್ಟಿದ ಗೇಟಿನೊಳಗಿನಿಂದ ಆನೆ ಹೋಗುತ್ತಿದೆ, ದಿನಾ ಹೋಗುತ್ತಿದೆ, ತಾಗಿಲ್ಲ, ಹಾಗಾಗಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಕಂಬದ ಮುಂದೆ ಕಾವಲಿಗೆಂದು ನೀರಿನಲ್ಲಿ ಕಾಂಕ್ರೀಟಿನ ಗುಂಡು ದಿಮ್ಮಿಗಳನ್ನು ನಿಲ್ಲಿಸುತ್ತಾರೆ, ಅದಕ್ಕೆ ಡಾಲ್ಫಿನ್ ಎಂದು ಹೆಸರು, ಮೀನಿಗೂ ಅದಕ್ಕೂ ಸಂಬಂಧ ಇಲ್ಲ. ಕೀ ಸೇತುವೆಗೂ ನಾಲ್ಕು ಇದ್ದವು. ಡಾಲಿ ಓರೆಯಾಗಿ ಬಂದು ಅವುಗಳನ್ನು ತಪ್ಪಿಸಿಕೊಂಡೇ ಕಂಬಕ್ಕೆ ಹೋಯಿತು.

ಬಿದ್ದ ಮೇಲೆ ಲೆಕ್ಕ ಹಾಕಿ ನೋಡಿದರು. ಅಲ್ಲಿನ ಮುಖ್ಯ ಸೇತುವೆಗಳು ಹಡಗಿನ ಪೆಟ್ಟಿಗೆ ಬೀಳುವ ಸಂಭವ ಹತ್ತು ಸಾವಿರ ವರ್ಷಕ್ಕೆ ಒಮ್ಮೆಗಿಂತ ಹೆಚ್ಚಿರಬಾರದು ಎಂದು ಒಂದು ಗೆರೆ ಇದೆ. ಕೀ ಸೇತುವೆ ಆ ಗೆರೆಯ ಸುಮಾರು 30 ಪಟ್ಟು ಆಚೆ ಇತ್ತು. ಅಂದರೆ ಮುನ್ನೂರು ಚಿಲ್ಲರೆ ವರ್ಷಕ್ಕೆ ಒಮ್ಮೆ. ಈ ಲೆಕ್ಕವನ್ನು ಸೇತುವೆ ನಿಂತಿರುವಾಗಲೇ ಹಾಕಬಹುದಿತ್ತು, ಸೂತ್ರ 1991ರಿಂದ ಪುಸ್ತಕದಲ್ಲಿ ಇತ್ತು. 1994ರ ನಂತರ ಕಟ್ಟುವ ಸೇತುವೆಗಳಿಗೆ ಅದು ಕಡ್ಡಾಯ, ಹಳೆಯದಕ್ಕೆ ಬೇಡ ಎಂದು ಬಿಟ್ಟರು. 2025ರ ಮಾರ್ಚಿನಲ್ಲಿ ಅದೇ ಮಂಡಳಿ 19 ರಾಜ್ಯಗಳ 68 ಸೇತುವೆಗಳ ಪಟ್ಟಿ ಕೊಟ್ಟು, ಇವುಗಳ ಲೆಕ್ಕ ಈಗಲಾದರೂ ಹಾಕಿ ಎಂದಿತು. ನಮ್ಮಲ್ಲಿ ಮಾತ್ರ ಹೀಗೆ ಎಂದು ನೀವು ತಿಳಿದುಕೊಂಡಿದ್ದರೆ, ಇಲ್ಲ.

ಆ ಸೂತ್ರ ಬಂದದ್ದೇ ಹೆಣಗಳ ಮೇಲೆ. 1980ರ ಮೇ 9, ಫ್ಲಾರಿಡಾದ ಟ್ಯಾಂಪಾ ಕೊಲ್ಲಿ, ಬೆಳಿಗ್ಗೆ ಏಳೂವರೆ. ‘ಸಮ್ಮಿಟ್ ವೆಂಚರ್’ ಎಂಬ ಹಡಗು ಖಾಲಿಯಾಗಿ ಬರುತ್ತಿತ್ತು. ಖಾಲಿ ಹಡಗು ನೀರಿನ ಮೇಲೆ ಎತ್ತರಕ್ಕೆ ನಿಲ್ಲುತ್ತದೆ, ಗಾಳಿಗೆ ಅದೇ ಹಾಯಿ. ನಮ್ಮಲ್ಲಿ ಇಡವಪಾತಿಯ, ಅಂದರೆ ಮುಂಗಾರಿನ ಮಳೆ ಪಡುವಣದಿಂದ ಒಮ್ಮೆಲೇ ಮುಚ್ಚಿಕೊಂಡು ಬರುತ್ತದಲ್ಲ, ಹಾಗೆ ಬಿರುಮಳೆ ಬಂತು. ಎದುರಿಗೆ ಏನೂ ಕಾಣದೆ ಹೋಯಿತು. ಸನ್‌ಶೈನ್ ಸ್ಕೈವೇ ಸೇತುವೆಯ ಕಂಬಕ್ಕೆ ತಾಗಿ, ಒಂದು ಬದಿಯ ಸೇತುವೆ 360 ಮೀಟರಿಗೂ ಹೆಚ್ಚು ಉದ್ದಕ್ಕೆ ಕುಸಿಯಿತು. ಈಗ ಕೇಳಿ. ಸೇತುವೆ ಬಿದ್ದಾಗ ಅದರ ಮೇಲೆ ಇದ್ದವರು ಮಾತ್ರ ಸತ್ತದ್ದಲ್ಲ. ಬಿದ್ದ ಮೇಲೆ ಬಂದವರು ಇದ್ದರು. ಮಳೆಯಲ್ಲಿ ರಸ್ತೆ ಇಲ್ಲದ್ದು ಅವರಿಗೆ ಕಾಣಲಿಲ್ಲ. ಆರು ಕಾರು, 26 ಜನ ಇದ್ದ ಒಂದು ಬಸ್ಸು. ಒಟ್ಟು 35 ಜನ. ಒಬ್ಬನ ಪಿಕ್‌ಅಪ್ ಹಡಗಿಗೇ ಬಡಿದು ನೀರಿಗೆ ಜಾರಿತು, ಅವನೊಬ್ಬ ಬದುಕಿದ. ಒಂದು ಕಾರು ಅಂಚಿಗೆ ಒಂದೂವರೆ ಗೇಣು ಇರುವಾಗ ನಿಂತಿತು. ಹಡಗಿನಲ್ಲಿದ್ದ ಪೈಲಟ್ ರೇಡಿಯೋದಲ್ಲಿ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ನಿಲ್ಲಿಸಿ ಎಂದು ಕೂಗುತ್ತಿದ್ದ. ಕರಾವಳಿ ಕಾವಲಿನವರಿಗೆ ಕೇಳಿತು. ಬಸ್ಸಿನ ಡ್ರೈವರಿಗೆ ಎಲ್ಲಿ ಕೇಳಬೇಕು?

ಅದಕ್ಕೆ ನಾಲ್ಕು ತಿಂಗಳ ಮೊದಲು, ಜನವರಿ 18ರ ನಡುರಾತ್ರಿ, ಸ್ವೀಡನ್ನಿನ ತ್ಯೋರ್ನ್ ದ್ವೀಪದ ಸೇತುವೆಯನ್ನು ‘ಸ್ಟಾರ್ ಕ್ಲಿಪ್ಪರ್’ ಬೀಳಿಸಿತು. ಅಲ್ಲಿಯೂ ಇದೇ ಕತೆ, ಮಂಜು, ಚಳಿ, ದ್ವೀಪದ ಕಡೆಯಿಂದ ಬರುವವರನ್ನು ತಡೆಯಲು ಯಾರೂ ಇಲ್ಲ. ಒಂದಾದ ಮೇಲೊಂದು ಗಾಡಿ ಕತ್ತಲೆಗೆ ಹೋಯಿತು, 8 ಜನ ಸತ್ತರು.

ಇಲ್ಲಿ ರೈಲ್ವೆಯಿಂದ ನಿವೃತ್ತರಾದವರು ಇದ್ದೀರಿ, ನಿಮಗೆಂದೇ ಇನ್ನೊಂದು. 1993ರ ಸೆಪ್ಟೆಂಬರ್ 22, ಅಲಬಾಮಾ. ಬಾರ್ಜು ಎಂಬ ಚಪ್ಪಟೆ ಸರಕು ದೋಣಿಗಳನ್ನು ತಳ್ಳಿಕೊಂಡು ಹೋಗುವ ಒಂದು ಬೋಟು ಮಂಜಿನಲ್ಲಿ ದಾರಿ ತಪ್ಪಿ ಹಡಗು ಹೋಗದ ತೋಡಿಗೆ ನುಗ್ಗಿತು, ಅಲ್ಲಿದ್ದ ರೈಲು ಸೇತುವೆಗೆ ತಾಗಿತು. ತಾಗಿದ್ದು ಸೇತುವೆ ಎಂದೂ ಅವರಿಗೆ ಗೊತ್ತಾಗಲಿಲ್ಲ. ಸೇತುವೆ ಮೂರು ಅಡಿಯಷ್ಟು ಬದಿಗೆ ಸರಿಯಿತು. ಹಳಿ ಬಗ್ಗಿತು, ಆದರೆ ತುಂಡಾಗಲಿಲ್ಲ. ಹಳಿ ತುಂಡಾದರೆ ಅದರಲ್ಲಿ ಹರಿಯುವ ಕರೆಂಟು ಕಡಿದು ಸಿಗ್ನಲ್ಲು ಕೆಂಪಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ತುಂಡಾಗದ್ದರಿಂದ ಸಿಗ್ನಲ್ಲು ಹಸಿರೇ ಉಳಿಯಿತು. ಎಂಟು ನಿಮಿಷ ಕಳೆದು ರೈಲು ಬಂತು. 47 ಜನ.

ಇದಕ್ಕೆಲ್ಲ ಉತ್ತರ ಕಂಡುಕೊಂಡವರೂ ಇದ್ದಾರೆ. ಆಸ್ಟ್ರೇಲಿಯಾದ ಹೋಬಾರ್ಟ್ ಎಂಬ ಊರು ಹೊಳೆಯ ಎರಡು ದಡದಲ್ಲಿದೆ, ನಡುವೆ ಟ್ಯಾಸ್ಮನ್ ಸೇತುವೆ. 1975ರ ಜನವರಿ 5, ಭಾನುವಾರ ರಾತ್ರಿ, ಸತುವಿನ ಅದಿರು ತುಂಬಿದ ‘ಲೇಕ್ ಇಲ್ಲವಾರಾ’ ಎಂಬ ಹಡಗು ಎರಡು ಕಂಬಗಳನ್ನು ಬೀಳಿಸಿ, ಮೇಲಿನಿಂದ ಬಿದ್ದ ಕಾಂಕ್ರೀಟಿನ ಅಡಿಗೆ ಸಿಕ್ಕಿ ತಾನೂ ಮುಳುಗಿತು. ಹಡಗಿನ 7 ಜನ, ಕಾರುಗಳಲ್ಲಿದ್ದ 5 ಜನ ಸತ್ತರು. ಎರಡು ಕಾರುಗಳ ಮುಂದಿನ ಚಕ್ರ ಅಂಚಿನಿಂದ ಹೊರಗೆ ಗಾಳಿಯಲ್ಲಿ ನೇತಾಡುತ್ತಿದ್ದ ಚಿತ್ರ ನೀವು ನೋಡಿರಬಹುದು. ಅಂಚಿನಲ್ಲಿ ಪಾರಾದವರು ಓಡಿ ಹೋಗಿ ಹಿಂದಿನ ಗಾಡಿಗಳನ್ನು ಕೈ ಬೀಸಿ ನಿಲ್ಲಿಸಲು ನೋಡಿದರು. ಮರುದಿನ ಬೆಳಗಾಗುವಾಗ ಊರು ಎರಡು. ಆಸ್ಪತ್ರೆ, ಆಫೀಸು, ಶಾಲೆ ಎಲ್ಲ ಒಂದು ಕಡೆ, ಜನ ಇನ್ನೊಂದು ಕಡೆ. ಮೂರು ನಿಮಿಷದ ದಾರಿಗೆ 50 ಕಿಲೋಮೀಟರ್ ಸುತ್ತು ಬರಬೇಕು. ಏನು ಮಾಡಿದರು? ಕಡವಿಗೆ ಮರಳಿದರು. 1977ರ ಅಕ್ಟೋಬರಿನಲ್ಲಿ ಸೇತುವೆ ಮತ್ತೆ ತೆರೆಯುವ ತನಕ ಎರಡೂ ಮುಕ್ಕಾಲು ವರ್ಷ ಆ ಊರು ಹೆಚ್ಚಾಗಿ ಬದುಕಿದ್ದು ದೋಣಿಯಲ್ಲಿ.

ಆಮೇಲೆ ಒಂದು ನಿಯಮ ಮಾಡಿದರು. ದೊಡ್ಡ ಹಡಗು ಅಡಿಯಲ್ಲಿ ಹಾದುಹೋಗುವಾಗ ಸೇತುವೆಯ ಎರಡೂ ತುದಿಯಲ್ಲಿ ಗಾಡಿಗಳನ್ನು ನಿಲ್ಲಿಸುತ್ತಾರೆ. ಇವತ್ತಿಗೂ ನಿಲ್ಲಿಸುತ್ತಾರೆ. ಹಡಗು ದಾಟಿದ ಮೇಲೆ ಬಿಡುತ್ತಾರೆ. ಹಿಂದಿನ ಸಾಲಿನಿಂದ ಯಾರೋ ಹೇಳಿದರು, “ಅದು ನಮ್ಮ ರೈಲ್ವೆ ಗೇಟೇ ಆಯ್ತಲ್ಲ” ಅಂತ. ಹೌದು, ಗೇಟೇ. ಹಾರ್ನು ಹಾಕಿ ಬೈಯುವವರೂ ಅಲ್ಲಿ ಇರಬಹುದು.

ನಮ್ಮ ದೇಶದ್ದು ಎರಡು ಮಾತು. ಹೌರಾ ಸೇತುವೆಗೆ ನದಿಯೊಳಗೆ ಕಂಬವೇ ಇಲ್ಲ, ಎರಡು ದಡದಿಂದ ಚಾಚಿದ ಕೈಗಳು. 1943ರಲ್ಲಿ ತೆರೆದವರು ಅಡಿಯ ದಾರಿಗೆ ಕೊಟ್ಟ ಮರ್ಯಾದೆ ಅದು. ಆದರೂ 2005ರಲ್ಲಿ ಒಂದು ಸರಕು ಹಡಗಿನ ಹೊಗೆಕೊಳವೆ ಭರತದ ಹೊತ್ತಿನಲ್ಲಿ ಸೇತುವೆಯ ಹೊಟ್ಟೆಗೆ ಸಿಕ್ಕಿಕೊಂಡು ಗಂಟೆಗಟ್ಟಲೆ ಬಿಡಲಿಲ್ಲ. ಪಾಂಬನ್ನಿನ ಹಳೆಯ ರೈಲು ಸೇತುವೆಗೆ 2013ರ ಜನವರಿಯಲ್ಲಿ ಒಂದು ಬಾರ್ಜು ತಾಗಿ ರೈಲು ನಿಂತಿತ್ತು. ಇಷ್ಟೇ. ನಮ್ಮ ಕರಾವಳಿಯಲ್ಲಿ ದೊಡ್ಡ ಹಡಗು ಹೋಗುವ ದಾರಿಯಲ್ಲಿ ಸೇತುವೆ ಇಲ್ಲ. ಪಣಂಬೂರಿನಲ್ಲಿ ಹಡಗು ಕಡಲಿನಿಂದ ನೇರ ಒಳಗೆ ಬರುತ್ತದೆ. 2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ಸೇತುವೆ ಬಿದ್ದದ್ದಕ್ಕೂ ಹಡಗಿಗೂ ಏನೂ ಸಂಬಂಧ ಇಲ್ಲ. ಹಾಗಾಗಿ ಇವತ್ತು ರಾತ್ರಿ ಚಂದ್ರಗಿರಿ ಸಂಕ ದಾಟುವಾಗ ಹೆದರಿಕೊಂಡು ಕಣ್ಣು ಮುಚ್ಚಬೇಡಿ.

ಆದರೆ ಎರಡು ವಿಷಯ ಕಣ್ಣಿಗೆ ಬೀಳುತ್ತದೆ. ಒಂದು, ಮಳೆಗಾಲದ ಮರ. ಚಂದ್ರಗಿರಿ ಹೊಳೆಗೆ ನೀರು ತರುವ ಪಯಸ್ವಿನಿ ಹುಟ್ಟುವುದು ಕೊಡಗಿನ ಮಲೆಯಲ್ಲಿ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜಾರಿದಾಗ ಬೇರುಸಮೇತ ಮರಗಳು ಹೊಳೆಗೆ ಬಂದದ್ದು ನಿಮಗೆ ಗೊತ್ತು. ನೆರೆಯಲ್ಲಿ ತೇಲಿಬರುವ ಹತ್ತು ಟನ್ನಿನ ಮರಕ್ಕೆ ಕಪ್ತಾನನೂ ಇಲ್ಲ, ಲಂಗರೂ ಇಲ್ಲ. ಕಿಂಡಿ ಅಣೆಕಟ್ಟಿನ ಕಂಬಗಳನ್ನು ಕೇಳಿದರೆ ಅವು ಹೇಳುತ್ತವೆ. ಇನ್ನೊಂದು, ಕೋವಳಂನಿಂದ ಬೇಕಲದವರೆಗೆ 616 ಕಿಲೋಮೀಟರಿನ ಜಲಮಾರ್ಗ ಬರುತ್ತದೆ ಎಂದು ಎಷ್ಟೋ ವರ್ಷದಿಂದ ಕೇಳುತ್ತಿದ್ದೇವೆ. ದಾರಿಯಲ್ಲಿರುವ ಗಿಡ್ಡ ಸೇತುವೆಗಳನ್ನು ಎತ್ತರಿಸುವುದು ಆ ಕೆಲಸದ ಭಾಗ. ಎತ್ತರಿಸುತ್ತಾರೆ, ಸರಿ. ಕಂಬದ ಸುತ್ತ ಏನು ಇಡುತ್ತಾರೆ ಎಂದು ಯಾರಾದರೂ ಗ್ರಾಮಸಭೆಯಲ್ಲಿ ಕೇಳಿದ್ದೀರಾ? ಬೋಟು ಅಂಕೆ ತಪ್ಪಿದರೆ ಬೋಟಿನವನು ಯಾವ ನಂಬರಿಗೆ ಫೋನು ಮಾಡಬೇಕು? ಸಂಕದ ಅಡಿಯಲ್ಲಿ, ಬೋಟಿನವನಿಗೆ ಕಾಣುವ ಹಾಗೆ, ಒಂದು ಫೋನ್ ನಂಬರು ಬರೆಯಲು ಎಷ್ಟು ಬಣ್ಣ ಬೇಕು?

ಬಾಲ್ಟಿಮೋರಿನಲ್ಲಿ ಸತ್ತ ಆರು ಜನರ ಮಾತು ಬೇಕೆಂದೇ ಬಾಕಿ ಇಟ್ಟಿದ್ದೆ. ಆ ರಾತ್ರಿ ಪೈಲಟ್ ಕೂಡಲೇ ರೇಡಿಯೋದಲ್ಲಿ, ಫೋನಿನಲ್ಲಿ ತಿಳಿಸಿದ. ಅಡಿಯಿಂದ ಹಾಕಿದ ಕೂಕುಳು ಅದು, ಈ ಸಲ ಮೇಲೆ ಮುಟ್ಟಿತು. ಎರಡೂ ತುದಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿದರು, ಒಂದೂವರೆ ನಿಮಿಷದಲ್ಲಿ ಆದ ಕೆಲಸ. ದಿನಕ್ಕೆ 30,000ಕ್ಕೂ ಹೆಚ್ಚು ಗಾಡಿ ಓಡುವ ಸೇತುವೆ, ಬೀಳುವಾಗ ದಾಟುತ್ತಿದ್ದ ಗಾಡಿ ಒಂದೂ ಇಲ್ಲ. ಟ್ಯಾಂಪಾದಲ್ಲಿ ಆಗದ್ದು ಇಲ್ಲಿ ಆಯಿತು. ಆದರೆ ಸೇತುವೆಯ ನಡುವೆ ರಸ್ತೆಯ ಹೊಂಡ ಮುಚ್ಚುವವರ ತಂಡ ಇತ್ತು. ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ಕಡೆಯಿಂದ ದುಡಿಯಲು ಬಂದವರು. ಬಿಡುವಿನ ಹೊತ್ತು, ಗಾಡಿಯೊಳಗೆ ಕೂತಿದ್ದರು. ಕೂಕುಳು ತುದಿಯವರೆಗೆ ಬಂತು, ನಡುವಿಗೆ ಹೋಗಲಿಲ್ಲ. ಇನ್ನೊಬ್ಬ ಪೊಲೀಸ್ ಬಂದ ಕೂಡಲೇ ಕೆಲಸದವರನ್ನು ಎಬ್ಬಿಸಲು ನಾನು ಹೋಗುತ್ತೇನೆ ಎಂದು ಒಬ್ಬ ಪೊಲೀಸ್ ರೇಡಿಯೋದಲ್ಲಿ ಹೇಳುತ್ತಿದ್ದಾನೆ, ಅಷ್ಟರಲ್ಲಿ ಸೇತುವೆ ಇಲ್ಲ.

ತಲಪಾಡಿಯಿಂದ ಈಚೆಗೆ ಹೆದ್ದಾರಿ ಅಗಲ ಮಾಡುವಾಗ ರಾತ್ರಿ ಎರಡು ಗಂಟೆಗೆ ಉಪ್ಪಳದಲ್ಲೋ ಮೊಗ್ರಾಲಿನಲ್ಲೋ ಸಂಕದ ಮೇಲೆ ಹೆಲ್ಮೆಟ್ ಹಾಕಿ ನಿಂತವರನ್ನು ನೀವು ನೋಡಿದ್ದೀರಿ. ಯಾವ ಊರಿನವರು, ಏನು ಹೆಸರು? ನಮಗೆ ಗೊತ್ತಿಲ್ಲ. ಗಲ್ಫಿನಲ್ಲಿ ನಮ್ಮ ಹುಡುಗರು ಹಾಗೆಯೇ ನಿಂತಿರುತ್ತಾರೆ, ಅಲ್ಲಿನವರಿಗೂ ಗೊತ್ತಿರುವುದಿಲ್ಲ.

ನನ್ನ ಮಾತು ಇಷ್ಟೇ ಎಂದು ಕೂತಿದ್ದೆ. ಆಗ ಉದುಮ ಕಡೆಯಿಂದ ಬಂದಿದ್ದ ಒಬ್ಬ ಅಕ್ಕ ಎದ್ದರು. ಆ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹಡಗಿಗೆ ಹೋದವರು ಇರುತ್ತಾರೆ. ಅವರು ಸೇತುವೆಯ ಬಗ್ಗೆ ಏನೂ ಕೇಳಲಿಲ್ಲ. “ಆ ಹಡಗಿನ ಮಕ್ಕಳು ಮನೆಗೆ ಬಂದರಾ?” ಎಂದು ಕೇಳಿದರು.

ಹೇಳಿದೆ. ಕೂಡಲೇ ಬರಲಿಲ್ಲ ಅಕ್ಕ. ಸೇತುವೆಯ ಉಕ್ಕು ಹಡಗಿನ ಮೂಗಿನ ಮೇಲೆ ಬಿದ್ದಿತ್ತು, ಅವರು ಅದರೊಳಗೇ ಇದ್ದರು. ಎಲ್ಲೋ ಕೂತವರು ಲಂಗೋಟಿ ಕಟ್ಟಿಕೊಂಡ ನಾವಿಕರು ಬೊಬ್ಬೆ ಹೊಡೆಯುವ ಕಾರ್ಟೂನು ವಿಡಿಯೋ ಮಾಡಿ ನಗಾಡಿದರು. ತನಿಖೆಯವರು ಬಂದು ಅವರ ಮೊಬೈಲುಗಳನ್ನು ತೆಗೆದುಕೊಂಡು ಹೋದರು. ಮೇ 13ಕ್ಕೆ ಸಿಡಿಮದ್ದಿಟ್ಟು ಆ ಉಕ್ಕನ್ನು ಕತ್ತರಿಸುವಾಗಲೂ ಅವರು ಹಡಗಿನಲ್ಲೇ. ಮೇ 20ಕ್ಕೆ ಹಡಗನ್ನು ಅಲ್ಲಿಂದ ಬಿಡಿಸಿದರು. ಜೂನ್ ತಿಂಗಳ ಕೊನೆಗೆ ಕೆಲವರಿಗೆ ಊರಿಗೆ ಹೋಗಲು ಬಿಟ್ಟರು, ಉಳಿದವರು ತನಿಖೆ ಎಂದು ಅಲ್ಲೇ ಉಳಿದರು.

“ಮೊಬೈಲು ತೆಗೆದುಕೊಂಡರೆ ಮನೆಗೆ ಹೇಗೆ ಮಾತಾಡುವುದು?” ಎಂದರು ಅವರು.

ಬೇರೆ ಫೋನು ಕೊಟ್ಟರಂತೆ ಎಂದೆ. ಹಳೆಯದರಲ್ಲಿದ್ದ ನಂಬರು, ಫೋಟೋ ಎಲ್ಲ ಅದರಲ್ಲೇ ಹೋಯಿತು. ಮನೆಯ ನಂಬರು ಬಾಯಿಪಾಠ ಇದ್ದವನು ಮೊದಲು ಮಾತಾಡಿರಬೇಕು.

ಅಕ್ಕ ಕೂತರು. ಸಭೆ ಮುಗಿದು ಚಹಾ ಕುಡಿಯುವಾಗ ನೋಡಿದರೆ ಬಾಗಿಲ ಬದಿಯಲ್ಲಿ ನಿಂತು ಮಗನಿಗೆ ಫೋನು ಹಚ್ಚಿದ್ದಾರೆ. ಅವನ ಹಡಗು ಯಾವ ಕಡಲಿನಲ್ಲಿದೆಯೋ, ಗೆರೆ ಗೆರೆಯಾಗಿ ಧ್ವನಿ ಕಡಿಯುತ್ತಿತ್ತು. “ನನ್ನ ನಂಬರು ನೋಡದೆ ಹೇಳು, ನೋಡೋಣ” ಎನ್ನುತ್ತಿದ್ದರು.